ಕರುಳಿನ ಉರಿಯೂತ: ಹೊತ್ತಿದ ಸಂಕೇತ ಆರದೆ ಉಳಿಯುವುದೇಕೆ?

ತುಂಗಾತೀರ:

ನನ್ನ ತಮ್ಮನಿಗೆ 24 ವರ್ಷ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣುಗಳಾಗಿ, ಮೊದಲು ಕರುಳಿನ ಕ್ಷಯವೆಂದು ಕೆಲವು ತಿಂಗಳು ಔಷಧಿ ನಡೆದು, ಹುಣ್ಣು ಮಾಯದೆ ಉಳಿದದ್ದರಿಂದ ಕೊನೆಗೆ ಕ್ರೋನ್ಸ್ ಕಾಯಿಲೆಯೆಂದು ತೀರ್ಮಾನವಾಗಿ ಈಗ 2 ವರ್ಷವಾಯಿತು. ಸ್ಟಿರಾಯ್ಡ್ ಕೊಟ್ಟಾಗ ಚೇತರಿಸಿಕೊಳ್ಳುತ್ತಾನೆ. ಪ್ರಮಾಣ ಇಳಿಸುತ್ತ ಬಂದಂತೆ ಹೊಟ್ಟೆನೋವು, ಭೇದಿ ಮರಳುತ್ತವೆ. ಮುಂದಿನ ತಿಂಗಳಿನಿಂದ ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಔಷಧಿ ಆರಂಭಿಸೋಣವೆಂದು ವೈದ್ಯರು ಹೇಳಿದ್ದಾರೆ.

ಚಿಕಿತ್ಸೆ ಬೇಕೇ ಬೇಡವೇ ಎಂದು ಇಲ್ಲಿ ಕೇಳುತ್ತಿಲ್ಲ, ಅದನ್ನು ಅವರೇ ನಿರ್ಧರಿಸುತ್ತಾರೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ಕಾರ್ಯಕಾರಣ ತಿಳಿಯದೆ ಮನಸ್ಸು ಒಪ್ಪುವುದಿಲ್ಲ. ಎಲ್ಲರೂ "ರೋಗನಿರೋಧಕ ಶಕ್ತಿ ಹೆಚ್ಚಾಗಿ ಹೀಗಾಗುತ್ತದೆ" ಎನ್ನುತ್ತಾರೆ. ಆದರೆ ನಾನು ಓದಿದ ಲೇಖನವೊಂದರ ಪ್ರಕಾರ, ಈ ಕಾಯಿಲೆಯೊಂದಿಗೆ ಮೊಟ್ಟಮೊದಲು ಗುರುತಿಸಲಾದ ವಂಶವಾಹಿ ನಾಡ್2, ಮತ್ತು ಅದರ ದೋಷವೆಂದರೆ ಬ್ಯಾಕ್ಟೀರಿಯಗಳನ್ನು ಪತ್ತೆಹಚ್ಚುವ ಶಕ್ತಿ ಕುಂದುವುದು. ಪತ್ತೆಹಚ್ಚುವುದು ಕಡಿಮೆಯಾದರೆ ಉರಿಯೂತವೂ ಕಡಿಮೆಯಾಗಬೇಕಲ್ಲವೇ? ಇನ್ನೊಂದು ಸಂಶಯ: ಐಎಲ್-17 ಎಂಬ ಅಣುವನ್ನು ತಡೆಯುವ ಸೋರಿಯಾಸಿಸ್ ಔಷಧಿಯಿಂದ ಕ್ರೋನ್ಸ್ ಕೆಲವರಲ್ಲಿ ಉಲ್ಬಣಿಸುತ್ತದಂತೆ. ಉರಿಯೂತದ ಅಣುವನ್ನು ತಡೆದರೆ ಉರಿಯೂತ ಹೆಚ್ಚುವುದು ಹೇಗೆ? ತಿಳಿದವರು ವಿವರಿಸಬೇಕೆಂದು ವಿನಂತಿ.

ಕೋಶವಾಸಿ:

ಮೇಡಂ, ಗೊಂದಲದ ಬೇರು ಇರುವುದು "ಹೆಚ್ಚು" ಎಂಬ ಪದದಲ್ಲಿ. ನಾನು ಪ್ರತಿರಕ್ಷಾಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ವೈದ್ಯನಲ್ಲ; ಆ ಮಿತಿಯೊಳಗೆ ಉತ್ತರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ಈ ಕಾಯಿಲೆಯಲ್ಲಿ ಕೇಳಬೇಕಾದದ್ದು ಸಂಕೇತ ಎಷ್ಟು ಬಲವಾಗಿ ಹೊತ್ತಿತು ಎಂಬುದನ್ನಲ್ಲ, ಅದು ಸರಿಯಾದ ಹೊತ್ತಿಗೆ ಏಕೆ ಆರಲಿಲ್ಲ ಎಂಬುದನ್ನು.

ಕರುಳಿನ ಒಳಮೈಗೆ ಹೊದಿಕೆಯಾಗಿರುವುದು ಜೀವಕೋಶಗಳ ಒಂದೇ ಒಂದು ಸಾಲು. ಅದರ ಆಚೆಗೆ ಬ್ಯಾಕ್ಟೀರಿಯಗಳು; ನಮ್ಮ ದೇಹದಲ್ಲಿ ಅವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂಬ ಅಂದಾಜಿದೆ, ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಈಚೆಗೆ ದೇಹದಲ್ಲೇ ಅತಿ ದೊಡ್ಡದೆನ್ನಬಹುದಾದ ರೋಗನಿರೋಧಕ ಕೋಶಗಳ ಪಾಳೆಯ. ಚರ್ಮದಡಿಗೆ ಇದರ ಒಂದು ಪಾಲು ಬ್ಯಾಕ್ಟೀರಿಯ ಹೊಕ್ಕರೂ ಕೀವಾಗುತ್ತದೆ. ಕರುಳಿನಲ್ಲಿ ದಿನವೂ ಒಂದಿಷ್ಟು ಒಳನುಸುಳುತ್ತಿದ್ದರೂ ನಮಗೆ ಅರಿವೇ ಆಗುವುದಿಲ್ಲ. ಅಲ್ಲಿನ ಕೋಶಗಳು ಬೇರೆಯ ಶಿಸ್ತನ್ನು ಕಲಿತಿರುತ್ತವೆ. ಆರೋಗ್ಯವಂತರ ಕರುಳಿನಿಂದ ಮ್ಯಾಕ್ರೊಫೇಜ್‌ಗಳನ್ನು (ಸೂಕ್ಷ್ಮಾಣುಗಳನ್ನು ನುಂಗುವ ರೋಗನಿರೋಧಕ ಕೋಶಗಳು) ತೆಗೆದು ಪರೀಕ್ಷಿಸಿದ 2005ರ ಅಧ್ಯಯನದಲ್ಲಿ, ಅವು ಬ್ಯಾಕ್ಟೀರಿಯಗಳನ್ನು ನುಂಗಿ ಕೊಲ್ಲುವುದನ್ನು ಬಿಟ್ಟಿರಲಿಲ್ಲ, ಆದರೆ ಉರಿಯೂತದ ಸೈಟೊಕೈನ್‌ಗಳನ್ನು (ಕೋಶಗಳು ಪರಸ್ಪರ ಕಳಿಸುವ ಸಂಕೇತದ ಅಣುಗಳು) ಬಿಡುಗಡೆ ಮಾಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದವು. ಗದ್ದಲ ಮಾಡದೆ ಮನೆ ಗುಡಿಸುವವರಂತೆ ಅವು. ಕಾಯಿಲೆ ಬಂದ ಕರುಳಿನಲ್ಲಿ ರಕ್ತದಿಂದ ಹೊಸದಾಗಿ ಬರುವ ಕೋಶಗಳು ಈ ಶಿಸ್ತನ್ನು ಕಲಿಯುವ ಮೊದಲೇ ಗದ್ದಲಕ್ಕಿಳಿಯುತ್ತವೆ.

ಈಗ ಕೋಶದೊಳಗೆ ಹೋಗೋಣ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಉರಿಯೂತದ ವಂಶವಾಹಿಗಳಿಗೆ ಚಾಲನೆ ಕೊಡುತ್ತದೆ. ಸುಮ್ಮನಿರುವ ಕೋಶದಲ್ಲಿ ಅದನ್ನು ಐಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಬ್ಯಾಕ್ಟೀರಿಯದ ತುಣುಕೋ ಟಿಎನ್‌ಎಫ್‌ ಅಣುವೋ ಸಂಕೇತವನ್ನು ಹಿಡಿಯುವ ಗ್ರಾಹಿಗೆ ತಾಗಿದಾಗ ಹಿಡಿದವನು ನಾಶವಾಗುತ್ತಾನೆ, ಬಿಡುಗಡೆಯಾದವನು ಕೋಶಕೇಂದ್ರವನ್ನು ಹೊಕ್ಕು ಕೆಲಸ ಶುರು ಮಾಡುತ್ತಾನೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ, ಸ್ವಾರಸ್ಯ ಇರುವುದು ಮುಂದೆ. ಅವನು ಚಾಲನೆ ಕೊಡುವ ವಂಶವಾಹಿಗಳ ಪಟ್ಟಿಯಲ್ಲಿ ಅದೇ ಐಕಪ್ಪಾಬಿಯೂ ಇದೆ. ಗ್ರಾಹಿಯ ಬಳಿಯೇ ಸಂಕೇತವನ್ನು ಕಳಚಿಹಾಕುವ ಎ20 ಎಂಬ ಕಿಣ್ವವೂ ಇದೆ. ತೂಬು ಎತ್ತಿದ ನೀರುಗಂಟಿಯೇ ಗದ್ದೆಗೆ ಸಾಕಷ್ಟು ನೀರು ಹರಿದ ಮೇಲೆ ಅದನ್ನು ಮುಚ್ಚಬೇಕೆಂಬ ಏರ್ಪಾಟು ಇದು. ಎ20 ಇಲ್ಲದೆ ಹುಟ್ಟಿದ ಇಲಿಗಳು ಹಲವು ಅಂಗಗಳ ಉರಿಯೂತದಿಂದ ಎಳೆಯ ವಯಸ್ಸಿನಲ್ಲೇ ಸಾಯುತ್ತವೆಂದು 2000ದಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಬಾಲ್ಯದಲ್ಲೇ ಬಾಯಿಹುಣ್ಣು, ಕರುಳಿನ ಹುಣ್ಣು, ಜ್ವರ ಕಾಣಿಸಿಕೊಳ್ಳಬಹುದು; ಈ ವಿವರ ಬಂದದ್ದು 2016ರಲ್ಲಿ.

ಕೋಶಗಳ ನಡುವೆ ಓಡಾಡುವ ಆರಿಸುವ ಸಂಕೇತಗಳಲ್ಲಿ ಮುಖ್ಯವಾದದ್ದು ಐಎಲ್-10. ಅದಿಲ್ಲದ ಇಲಿಗಳಿಗೆ ಕರುಳಿನ ಉರಿಯೂತ ತಾನಾಗಿಯೇ ಬರುತ್ತದೆಂದು ಜರ್ಮನಿಯ ವೆರ್ನರ್ ಮ್ಯುಲರ್ ಅವರ ತಂಡ 1993ರಲ್ಲಿ ವರದಿ ಮಾಡಿತು. 2009ರಲ್ಲಿ, ಹುಟ್ಟಿದ ಮೊದಲ ವರ್ಷದಲ್ಲೇ ತೀವ್ರ ಕರುಳುರಿಯೂತಕ್ಕೆ ತುತ್ತಾದ ಮಕ್ಕಳಲ್ಲಿ ಐಎಲ್-10ರ ಗ್ರಾಹಿಯೇ ಕೆಟ್ಟಿರುವುದು ಪತ್ತೆಯಾಯಿತು. ಆ ಕುಟುಂಬಗಳ ಒಂದು ಮಗುವಿಗೆ ರಕ್ತದ ಕಾಂಡಕೋಶಗಳ ಕಸಿ ಮಾಡಿದಾಗ ಕಾಯಿಲೆ ಹತೋಟಿಗೆ ಬಂತು. ಅಂದರೆ ತೊಂದರೆ ಕರುಳಿನ ಗೋಡೆಯಲ್ಲಿರಲಿಲ್ಲ. ರಕ್ತಮೂಲದ ಕೋಶಗಳಿಗೆ "ಸಾಕು" ಎಂಬ ಮಾತು ಕೇಳಿಸುತ್ತಿರಲಿಲ್ಲ.

ಗಣಕಿಗ:

ಹಾಗಿದ್ದರೆ ಐಎಲ್-10 ಅನ್ನೇ ಚುಚ್ಚುಮದ್ದಾಗಿ ಕೊಟ್ಟರಾಯಿತಲ್ಲವೇ? ಇಷ್ಟು ಸರಳವಾದ ಉಪಾಯ ಯಾರಿಗೂ ಹೊಳೆದಿರಲಿಲ್ಲವೆಂದು ನಾನು ನಂಬುವುದಿಲ್ಲ.

ಕೋಶವಾಸಿ:

ಹೊಳೆದಿತ್ತು, ಮಾಡಿಯೂ ನೋಡಿದರು. ಕ್ರೋನ್ಸ್ ರೋಗಿಗಳ ಮೇಲೆ 2000ದ ಆಸುಪಾಸಿನಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಚರ್ಮದಡಿ ಚುಚ್ಚಿದ ಔಷಧಿ ಕರುಳಿನ ಗೋಡೆಯನ್ನು ಬೇಕಾದಷ್ಟು ಮುಟ್ಟದಿರಬಹುದು. ಪ್ರಮಾಣ ಏರಿಸಿದಾಗ ಉರಿಯೂತವನ್ನೇ ಪ್ರಚೋದಿಸುವ ಇಂಟರ್‌ಫೆರಾನ್-ಗಾಮಾ ಹೆಚ್ಚಿದ್ದೂ ಕಂಡುಬಂತು.

ಇದರ ಹಿಂದೆ ಇನ್ನೊಂದು ಸೂಕ್ಷ್ಮವಿದೆ, ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದದ್ದು. ಉರಿಯೂತವನ್ನು ಆರಿಸುವ ಐಎಲ್-10, ಉರಿಯೂತವನ್ನು ಹೆಚ್ಚಿಸುವ ಐಎಲ್-6, ಇವೆರಡೂ ಕೋಶದೊಳಗೆ ಎಚ್ಚರಿಸುವುದು ಸ್ಟಾಟ್3 ಎಂಬ ಒಂದೇ ಪ್ರೋಟೀನನ್ನು. ದೂತ ಒಬ್ಬನೇ ಆಗಿದ್ದೂ ಪರಿಣಾಮ ತದ್ವಿರುದ್ಧವಾಗುವುದು ಹೇಗೆ? 2003ರಲ್ಲಿ ಮೂರು ಗುಂಪುಗಳು ಉತ್ತರ ಕೊಟ್ಟವು. ಸ್ಟಾಟ್3 ಎಚ್ಚೆತ್ತಾಗ ಸಾಕ್ಸ್3 ಎಂಬ ತಡೆಪ್ರೋಟೀನು ತಯಾರಾಗುತ್ತದೆ. ಅದು ಐಎಲ್-6ರ ಗ್ರಾಹಿಗೆ ಅಂಟಿಕೊಂಡು ಆ ಸಂಕೇತವನ್ನು ಬೇಗ ಮೊಟಕುಗೊಳಿಸುತ್ತದೆ. ಐಎಲ್-10ರ ಗ್ರಾಹಿಯಲ್ಲಿ ಅದಕ್ಕೆ ಅಂಟಿಕೊಳ್ಳುವ ಜಾಗವಿಲ್ಲದ ಕಾರಣ ಆ ಸಂಕೇತ ದೀರ್ಘವಾಗಿ ನಡೆಯುತ್ತದೆ. ಸಾಕ್ಸ್3 ಇಲ್ಲದ ಮ್ಯಾಕ್ರೊಫೇಜ್‌ಗಳಲ್ಲಿ ಐಎಲ್-6ರ ಸಂಕೇತವೂ ದೀರ್ಘವಾಗಿ, ಐಎಲ್-10ರಂತೆಯೇ ಉರಿಯೂತವನ್ನು ಆರಿಸತೊಡಗುತ್ತದೆ! ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಪದದ ಅರ್ಥವೇ ಬೇರೆಯಾಗುತ್ತದಲ್ಲ, ಇದೂ ಹಾಗೆಯೇ.

ಜೀನುಗೂಡು:

ನಾಡ್2 ಬಗ್ಗೆ ನಾನು ಬರೆಯುತ್ತೇನೆ, ಮೇಡಂ ಅವರ ಮೊದಲ ಪ್ರಶ್ನೆ ಉಳಿದುಬಿಟ್ಟಿದೆ.

2001ರಲ್ಲಿ ಎರಡು ಗುಂಪುಗಳು, ಒಂದು ಫ್ರಾನ್ಸಿನದು, ಇನ್ನೊಂದು ಅಮೆರಿಕದ್ದು, 16ನೇ ವರ್ಣತಂತುವಿನ ಈ ವಂಶವಾಹಿಯನ್ನು ಕ್ರೋನ್ಸ್ ಕಾಯಿಲೆಯೊಂದಿಗೆ ಜೋಡಿಸಿದವು. ಬ್ಯಾಕ್ಟೀರಿಯಗಳ ಕೋಶಭಿತ್ತಿಯ ಒಂದು ಚೂರನ್ನು (ಮ್ಯುರಮಿಲ್ ಡೈಪೆಪ್ಟೈಡ್) ಕೋಶದೊಳಗೇ ಗುರುತಿಸುವುದು ನಾಡ್2ರ ಕೆಲಸ. ಕ್ರೋನ್ಸ್‌ಗೆ ಸಂಬಂಧಪಟ್ಟ ಮೂರು ಮುಖ್ಯ ಬದಲಾವಣೆಗಳಲ್ಲಿ ಈ ಗುರುತಿಸುವಿಕೆ ಕುಂದುತ್ತದೆ ಎಂಬುದು ನಿಜ. ಅದರ ಪರಿಣಾಮಕ್ಕೆ ಒಂದೇ ವಿವರಣೆಯಿಲ್ಲ. ಸಣ್ಣ ಕರುಳಿನ ತಳಗುಂಡಿಗಳಲ್ಲಿರುವ ಪ್ಯಾನೆತ್ ಕೋಶಗಳು ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು ಸ್ರವಿಸುತ್ತವೆ. ಆ ಕೋಶಗಳು ಹೆಚ್ಚಾಗಿರುವುದು ತಮ್ಮ ತಮ್ಮನಿಗೆ ಹುಣ್ಣಾಗಿರುವ ಭಾಗದಲ್ಲೇ, ನಾಡ್2 ಬದಲಾವಣೆಯ ನಂಟು ಹೆಚ್ಚಾಗಿರುವುದೂ ಆ ಭಾಗದ ಕಾಯಿಲೆಯೊಂದಿಗೇ. ಒಳಹೊಕ್ಕ ಬ್ಯಾಕ್ಟೀರಿಯವನ್ನು ಕೋಶವೇ ಸುತ್ತಿ ಜೀರ್ಣಿಸಿಕೊಳ್ಳುವ ಆಟೊಫೇಜಿ ಕ್ರಿಯೆಯನ್ನು ಆ ಜಾಗಕ್ಕೆ ಕರೆತರುವುದರಲ್ಲೂ ನಾಡ್2ಗೆ ಪಾತ್ರವಿದೆ, ಮತ್ತು ಆ ಕ್ರಿಯೆಯ ಎಟಿಜಿ16ಎಲ್1 ವಂಶವಾಹಿಯೂ 2007ರಲ್ಲಿ ಇದೇ ಕಾಯಿಲೆಯ ಪಟ್ಟಿಗೆ ಸೇರಿತು. ಮೊದಲ ಕಾವಲುಗಾರ ತೂಕಡಿಸಿದರೆ, ಅವನೊಬ್ಬನೇ ಹಿಡಿಯಬಹುದಾಗಿದ್ದ ಕಳ್ಳನಿಗಾಗಿ ಆಮೇಲೆ ಊರಿಗೆ ಊರೇ ಬಡಿಗೆ ಹಿಡಿದು ಬರಬೇಕಾಗುತ್ತದೆ.

ಇನ್ನೂ ಒಂದು ಸಾಕ್ಷ್ಯ ಕೇಳಿ. ನಾಡ್2 ಅತಿಯಾಗಿ ಚುರುಕಾಗುವ ಬೇರೊಂದು ಬಗೆಯ ಬದಲಾವಣೆಯೂ ಇದೆ. ಅದರಿಂದ ಬರುವ ಬ್ಲೌ ಸಿಂಡ್ರೋಮ್ ಕೀಲು, ಕಣ್ಣು, ಚರ್ಮಗಳನ್ನು ಕಾಡುತ್ತದೆ, ಕರುಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. "ಹೆಚ್ಚು" ಎಂಬ ಪದ ಇಲ್ಲಿ ಕೆಲಸಕ್ಕೆ ಬಾರದೆಂಬ ಕೋಶವಾಸಿಯವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಒಂದು ಎಚ್ಚರಿಕೆ. ಯುರೋಪಿಯನ್ ಮೂಲದ ರೋಗಿಗಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಇರುವ ಈ ಮೂರು ಬದಲಾವಣೆಗಳು ಭಾರತೀಯ, ಜಪಾನಿ, ಚೀನೀ ರೋಗಿಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಜಪಾನಿನಲ್ಲಿ 2005ರಲ್ಲಿ ಮುಂದೆ ಬಂದದ್ದು ಟಿಎನ್‌ಎಫ್‌ಎಸ್‌ಎಫ್15 ಎಂಬ ಬೇರೆಯೇ ವಂಶವಾಹಿ. ಆದ್ದರಿಂದ ನಾಡ್2 ಪರೀಕ್ಷೆಗೆಂದು ದುಡ್ಡು ಚೆಲ್ಲಬೇಡಿ. ಬದಲಾವಣೆ ಇದ್ದವರಲ್ಲಿಯೂ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ.

ಗಣಕಿಗ:

ಎಲ್ಲದರ ಮೂಲ ಬ್ಯಾಕ್ಟೀರಿಯಗಳೇ ಆದರೆ ಅವನ್ನೇ ಆ್ಯಂಟಿಬಯಾಟಿಕ್ ಕೊಟ್ಟು ತೊಡೆದುಹಾಕಬಾರದೇಕೆ?

ಕೋಶವಾಸಿ:

ತೂಬು ಮುಚ್ಚಲು ಕಲಿಸುವವುಗಳೂ ಆ ಬ್ಯಾಕ್ಟೀರಿಯಗಳೇ ಆಗಿರುವುದರಿಂದ. ಸೂಕ್ಷ್ಮಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಐಎಲ್-10 ಇಲ್ಲದಿದ್ದರೂ ಕರುಳುರಿಯೂತ ಬಾರದು, ಅದು ಒಂದು ಮುಖ. ಇನ್ನೊಂದು ಮುಖವೆಂದರೆ ಅಂಥ ಇಲಿಗಳ ದೊಡ್ಡ ಕರುಳಿನಲ್ಲಿ ಉರಿಯೂತವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳು ಕಡಿಮೆ. ಕ್ಲಾಸ್ಟ್ರಿಡಿಯ ಗುಂಪಿನ ಕೆಲವು ಬ್ಯಾಕ್ಟೀರಿಯಗಳನ್ನು ಅವುಗಳಿಗೆ ಕೊಟ್ಟಾಗ ಆ ಕೋಶಗಳು ಹೆಚ್ಚುತ್ತವೆಂದು ಜಪಾನಿನ ಕೆನ್ಯಾ ಹೊಂಡಾ ಅವರ ತಂಡ 2011ರಲ್ಲಿ ತೋರಿಸಿತು. ನಾವು ತಿಂದ ನಾರನ್ನು ಹುದುಗಿಸಿ ಬ್ಯಾಕ್ಟೀರಿಯಗಳು ತಯಾರಿಸುವ ಬ್ಯುಟಿರೇಟ್ ಇದಕ್ಕೆ ನೆರವಾಗುತ್ತದೆಂಬುದು 2013ರಲ್ಲಿ ತಿಳಿಯಿತು. ಅದನ್ನು ತಯಾರಿಸುವ ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಸಿ ಎಂಬ ಜಾತಿ ಕ್ರೋನ್ಸ್ ರೋಗಿಗಳ ಕರುಳಿನಲ್ಲಿ ಕ್ಷೀಣಿಸಿರುವುದು 2008ರಿಂದಲೇ ವರದಿಯಾಗಿದೆ.

ಮಲೆನಾಡಿಗ:

ಬ್ಯುಟಿರೇಟ್ ಎಂಬ ಹೆಸರು ಬಂದದ್ದೇ ಬೆಣ್ಣೆಯಿಂದ ಎಂದು ಕೇಳಿದ್ದೇನೆ. ಹಾಗಾದರೆ ದಿನಾ ಒಂದು ಚಮಚ ತುಪ್ಪ ತಿಂದರೆ ಸಾಲದೇ?

ಕೋಶವಾಸಿ:

ಹೆಸರಿನ ಮೂಲ ಸರಿಯಿದೆ, ತುಪ್ಪದಲ್ಲಿ ಅದರ ಅಂಶವಿರುವುದೂ ನಿಜ. ಆದರೆ ಅದು ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ. ದೊಡ್ಡ ಕರುಳಿಗೆ ಬೇಕಾದದ್ದು ಅಲ್ಲಿಯೇ ತಯಾರಾಗಬೇಕು. ಹಾಗೆಂದು ಎಲ್ಲರೂ ನಾರು ಹೆಚ್ಚಿಸಿರಿ ಎಂದೂ ಹೇಳಲಾರೆ. ಕ್ರೋನ್ಸ್‌ನಿಂದ ಕರುಳು ಅಲ್ಲಲ್ಲಿ ಕಿರಿದಾದವರಿಗೆ ಹೆಚ್ಚು ನಾರು ಸಿಕ್ಕಿಕೊಂಡು ಅಪಾಯವಾಗಬಹುದು, ಅವರು ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು.

ಧಾರವಾಡದ ವೈದ್ಯ:

ನಾನು ಜಠರ ಮತ್ತು ಕರುಳಿನ ವಿಭಾಗದಲ್ಲಿ ಕೆಲಸ ಮಾಡುವವನು. ತುಂಗಾತೀರ ಮೇಡಂ, ತಮ್ಮ ತಮ್ಮನಿಗೆ ಮೊದಲು ಕ್ಷಯದ ಔಷಧಿ ಕೊಟ್ಟದ್ದನ್ನು ತಪ್ಪೆಂದು ಭಾವಿಸಬೇಡಿ. ಕರುಳಿನ ಕ್ಷಯವೂ ಕ್ರೋನ್ಸ್‌ ಕಾಯಿಲೆಯೂ ಅದೇ ಜಾಗವನ್ನು ಆರಿಸಿಕೊಳ್ಳುತ್ತವೆ, ಎರಡರಲ್ಲೂ ಗ್ರ್ಯಾನ್ಯುಲೋಮ ಎಂಬ ಗಂಟುಗಳಾಗುತ್ತವೆ, ಮತ್ತು ಬಯಾಪ್ಸಿಯಲ್ಲಿ ಕ್ಷಯದ ಬ್ಯಾಕ್ಟೀರಿಯ ಸಿಗದಿರುವುದು ಸಾಮಾನ್ಯ. ಹೀಗಾಗಿ ನಮ್ಮ ದೇಶದಲ್ಲಿ ಎರಡು ತಿಂಗಳ ಕ್ಷಯದ ಔಷಧಿಯ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡುವುದು ರೂಢಿ.

ಈ ಎರಡು ಕಾಯಿಲೆಗಳನ್ನು ಬೆಸೆದಿರುವುದು ಟಿಎನ್‌ಎಫ್. ಕ್ರೋನ್ಸ್‌ನಲ್ಲಿ ಅದು ಕರುಳಿನ ಗೋಡೆಯನ್ನು ಕೊರೆಯುತ್ತದೆ. ಕ್ಷಯದಲ್ಲಿ ಅದೇ ಅಣು ಬ್ಯಾಕ್ಟೀರಿಯಗಳನ್ನು ಗ್ರ್ಯಾನ್ಯುಲೋಮದೊಳಗೆ ದಶಕಗಳ ಕಾಲ ಬಂಧಿಸಿಡುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಕ್ರೋನ್ಸ್‌ಗಾಗಿ ಅನುಮತಿ ದೊರೆತದ್ದು 1998ರಲ್ಲಿ. ಅದನ್ನು ಪಡೆದವರಲ್ಲಿ ಕ್ಷಯ ಮರುಕಳಿಸಿದ 70 ಪ್ರಕರಣಗಳ ವರದಿ 2001ರಲ್ಲೇ ಬಂತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಶ್ವಾಸಕೋಶದ ಹೊರಗಿನ ಕ್ಷಯ. ಸೆರೆಮನೆಯ ಗೋಡೆ ಕೆಡವಿದಂತಾಗಿತ್ತು. ಔಷಧಿ ಆರಂಭಿಸುವ ಮೊದಲು ಎದೆಯ ಚಿತ್ರ, ಚರ್ಮದ ಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆಗಳನ್ನು ಮಾಡಿಸಿ, ಅಡಗಿದ ಕ್ಷಯದ ಸುಳಿವಿದ್ದರೆ ಮೊದಲು ಅದಕ್ಕೆ ಔಷಧಿ ಕೊಡುವುದು ಇದೇ ಕಾರಣದಿಂದ. ಒಮ್ಮೆ ಪರೀಕ್ಷೆ ಸರಿಯಿದ್ದರೆ ಮುಗಿಯಿತೆಂದಲ್ಲ. ಹೊಸದಾಗಿ ಸೋಂಕು ತಗಲುವ ಸಾಧ್ಯತೆ ನಮ್ಮಲ್ಲಿ ಇದ್ದೇ ಇದೆ. ಜ್ವರ, ತೂಕ ಇಳಿಯುವುದು, ಬಿಡದ ಕೆಮ್ಮು ಕಂಡರೆ ತಡಮಾಡದೆ ಹೇಳಿರಿ.

"ಇದು ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲೆಲ್ಲಿ ಬಂತು" ಎನ್ನುವವರು ಈಗಲೂ ಇದ್ದಾರೆ. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿಯೇ ಕ್ರೋನ್ಸ್‌ನ ಸೋದರ ಕಾಯಿಲೆಯಾದ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ 1 ಲಕ್ಷ ಜನರಲ್ಲಿ 44.3 ಮಂದಿಗೆ ಇತ್ತು.

ಜೀನುಗೂಡು:

ಡಾಕ್ಟರ ಮಾತಿಗೆ ಸೇರಿಸಬೇಕಾದ ಒಗಟೊಂದಿದೆ. ಎಟನರ್ಸೆಪ್ಟ್ ಕೂಡ ಟಿಎನ್‌ಎಫ್ ಅನ್ನೇ ಹಿಡಿಯುತ್ತದೆ, ಸಂಧಿವಾತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕ್ರೋನ್ಸ್‌ ಕಾಯಿಲೆಯಲ್ಲಿ ವಿಫಲವಾಯಿತು. ಇನ್‌ಫ್ಲಿಕ್ಸಿಮ್ಯಾಬ್ ಕೋಶದ ಹೊರಮೈಗೆ ಅಂಟಿಕೊಂಡಿರುವ ಟಿಎನ್‌ಎಫ್‌ ಅನ್ನೂ ಭದ್ರವಾಗಿ ಹಿಡಿದು, ಉರಿಯೂತಕ್ಕಿಳಿದ ಕೋಶ ಸಾಯುವಂತೆ ಮಾಡುತ್ತದೆ ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಅಣು ಒಂದೇ ಆದರೂ ಅದು ಎಲ್ಲಿ ನಿಂತು ಮಾತನಾಡುತ್ತಿದೆ ಎಂಬುದು ಮುಖ್ಯವಾಗುತ್ತದೆ.

ಐಎಲ್-17ರದ್ದೂ ಇಂಥದೇ ಕಥೆ. ಐಎಲ್-23 ಎಂಬ ಉರಿಯೂತದ ಅಣುವಿನ ಗ್ರಾಹಿಯಲ್ಲಿ ಒಂದು ಅಪರೂಪದ ಬದಲಾವಣೆ ಇರುವವರಿಗೆ ಕ್ರೋನ್ಸ್ ಬರುವ ಸಾಧ್ಯತೆ ಕಡಿಮೆಯೆಂದು 2006ರಲ್ಲಿ ತಿಳಿದಾಗ, ಐಎಲ್-23ರ ಮಾತು ಕೇಳಿ ಟಿ ಕೋಶಗಳು ತಯಾರಿಸುವ ಐಎಲ್-17 ಅನ್ನು ತಡೆದರೆ ಸಾಕೆಂದು ಎಲ್ಲರಿಗೂ ಅನ್ನಿಸಿದ್ದು ಸಹಜ. ಸೆಕ್ಯುಕಿನುಮ್ಯಾಬ್ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾದಾಗ, ಔಷಧಿ ಪಡೆದವರ ಸ್ಥಿತಿ ಹುಸಿಔಷಧಿ ಪಡೆದವರಿಗಿಂತ ಕೆಟ್ಟದಾಗಿತ್ತು. ಕರುಳಿನ ಹೊದಿಕೆಯ ಕೋಶಗಳ ನಡುವಿನ ಬೆಸುಗೆಯನ್ನು ಬಿಗಿಯಾಗಿಡುವ ಕೆಲಸವೂ ಐಎಲ್-17ರದ್ದೇ, ಮತ್ತು ಆ ಕೆಲಸಕ್ಕೆ ಬೇಕಾದ ಐಎಲ್-17ರಲ್ಲಿ ಒಂದು ಪಾಲು ಐಎಲ್-23ರ ಅಪ್ಪಣೆಗೆ ಕಾಯದ ಕೋಶಗಳಿಂದ ಬರುತ್ತದೆ. ಐಎಲ್-23 ತಡೆದಾಗ ಈ ರಕ್ಷಣೆ ಉಳಿಯುತ್ತದೆ, ಐಎಲ್-17 ತಡೆದಾಗ ಅದೂ ಹೋಗುತ್ತದೆ. ಮೇಡಂ ಅವರ ಎರಡನೆಯ ಪ್ರಶ್ನೆಗೆ ಇದು ಉತ್ತರ. ಐಎಲ್-23 ಅನ್ನಷ್ಟೇ ತಡೆಯುವ ರಿಸಾಂಕಿಜುಮ್ಯಾಬ್ ಅಮೆರಿಕದಲ್ಲಿ 2022ರಿಂದ ಕ್ರೋನ್ಸ್‌ ಚಿಕಿತ್ಸೆಯಲ್ಲಿದೆ.

ಸಂಶಯಾತ್ಮ:

ಇದನ್ನೆಲ್ಲ ಓದುವಾಗ ನಡೆದುಹೋದದ್ದಕ್ಕೆ ಅಚ್ಚುಕಟ್ಟಾದ ಕಥೆ ಹೆಣೆದಂತೆ ಕಾಣುತ್ತದೆ. ನೀರುಗಂಟಿಯ ಉಪಮೆಯೂ ಚೆಂದವೇ, ಆದರೆ ಒಂದು ಕೆರೆಗೆ ಒಬ್ಬ ನೀರುಗಂಟಿ. ಇಲ್ಲಿ ಕಾಯಿಲೆಯೊಂದಿಗೆ ನಂಟಿರುವ 200ಕ್ಕೂ ಹೆಚ್ಚು ವಂಶವಾಹಿ ತಾಣಗಳು ಒಂದೊಂದು ತೂಬು ಹಿಡಿದಿವೆ. ಮಾಂಜರ್ಸೆನ್ ಎಂಬ ಮಾತ್ರೆಯ ಗತಿಯನ್ನು ನೆನಪಿಸಿಕೊಳ್ಳಿ. ಟಿಜಿಎಫ್-ಬೀಟಾ ಉರಿಯೂತವನ್ನು ಆರಿಸುವ ಸಂಕೇತ. ಅದನ್ನು ಸ್ಮ್ಯಾಡ್7 ತಡೆಯುತ್ತದೆ. ರೋಗಿಗಳ ಕರುಳಿನಲ್ಲಿ ಸ್ಮ್ಯಾಡ್7 ಹೆಚ್ಚಾಗಿದೆ. ಆದ್ದರಿಂದ ಸ್ಮ್ಯಾಡ್7 ಅನ್ನು ತಗ್ಗಿಸುವ ಮಾತ್ರೆ ಕೊಟ್ಟರೆ ಆರಿಸುವ ಸಂಕೇತ ಮರಳುತ್ತದೆ. ಇದಕ್ಕಿಂತ ಸೊಗಸಾದ ತರ್ಕ ಬೇಕೇ? 2015ರ ಎರಡನೇ ಹಂತದ ಪ್ರಯೋಗದಲ್ಲಿ ಅತಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ 65% ಮಂದಿಗೆ ಉಪಶಮನ, ಹುಸಿಔಷಧಿಯಲ್ಲಿ 10%. 2017ರಲ್ಲಿ ಮೂರನೇ ಹಂತವನ್ನು ಪ್ರಯೋಜನ ಕಾಣದೆಂದು ನಡುವೆಯೇ ನಿಲ್ಲಿಸಿದರು.

ಕೋಶವಾಸಿ:

ಆಕ್ಷೇಪಣೆ ನ್ಯಾಯವಾದದ್ದು, ಉಪಮೆಯ ವಿಷಯದಲ್ಲಿ ಸೋಲೊಪ್ಪುತ್ತೇನೆ. ಆದರೆ ಮಾಂಜರ್ಸೆನ್ ವಿಫಲವಾದದ್ದರಿಂದ ತರ್ಕವೇ ಸುಳ್ಳೆಂದು ತೀರ್ಮಾನಿಸಲು ನಾನು ಸಿದ್ಧನಿಲ್ಲ. ಆ ಎರಡನೇ ಹಂತದಲ್ಲಿ ಉಪಶಮನವನ್ನು ಅಳೆದದ್ದು ರೋಗಿಗಳ ಲಕ್ಷಣಗಳ ಅಂಕದಿಂದ; ಹುಣ್ಣು ಮಾಯ್ದಿದೆಯೇ ಎಂದು ಕೊಲೊನೋಸ್ಕೋಪಿಯಲ್ಲಿ ನೋಡುವುದು ಅದರ ಗುರಿಯಾಗಿರಲಿಲ್ಲ. ಔಷಧಿಯ ಬೇರೆ ಬೇರೆ ಕಂತುಗಳ ನಡುವೆ ಗುಣಮಟ್ಟದ ವ್ಯತ್ಯಾಸವಿತ್ತೆಂಬ ವಿಶ್ಲೇಷಣೆಯೂ ನಂತರ ಬಂತು. ತರ್ಕ ಸೋತಿತೋ, ಅಳತೆಗೋಲು ಸೋತಿತೋ ಬಿಡಿಸಿ ಹೇಳಲಾಗದಂತೆ ಆ ಪ್ರಯೋಗ ಮುಗಿದುಹೋದದ್ದೇ ನನಗೆ ಬೇಸರದ ಸಂಗತಿ.

ತಾವು ಹೇಳಿದ 200 ತಾಣಗಳಲ್ಲಿ ಬಹುಪಾಲು ಇರುವುದು ಪ್ರೋಟೀನು ತಯಾರಿಸುವ ಭಾಗದ ಹೊರಗೆ. 21ನೇ ವರ್ಣತಂತುವಿನ ಅಂಥದೊಂದು "ಬರಡು" ಭಾಗ ದೂರದಿಂದಲೇ ಇಟಿಎಸ್2 ಎಂಬ ವಂಶವಾಹಿಯನ್ನು ಏರಿಸಿ, ಮ್ಯಾಕ್ರೊಫೇಜ್‌ಗಳ ಉರಿಯೂತದ ಕಾರ್ಯಗಳನ್ನು ಒಟ್ಟಾಗಿ ನಡೆಸುತ್ತದೆಂದು 2024ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ತಂಡ ತೋರಿಸಿತು. ತೂಬುಗಳು ನೂರಾರಿದ್ದರೂ ಕೆಲವು ಒಂದೇ ಕಾಲುವೆಗೆ ಸೇರಿದವು ಎಂದು ಹೇಳುವಷ್ಟು ಧೈರ್ಯ ಇದರಿಂದ ಬರುತ್ತದೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಚುಚ್ಚುಮದ್ದಿನ ಬದಲು ಜಾಕ್ ತಡೆಯುವ ಮಾತ್ರೆಗಳಿವೆಯಂತೆ, ಅವುಗಳ ತತ್ತ್ವವೇನು? ಮತ್ತು ಕಳೆದ ವಾರ ತಮ್ಮನಿಗೆ ಹೊಟ್ಟೆನೋವೂ ಭೇದಿಯೂ ಇರಲಿಲ್ಲ, ಆದರೂ ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಬಹಳ ಹೆಚ್ಚಿದೆಯೆಂದು ವರದಿ ಬಂದಿದೆ.

ಧಾರವಾಡದ ವೈದ್ಯ:

ಸ್ಟಾಟ್‌ ಪ್ರೋಟೀನುಗಳನ್ನು ಎಚ್ಚರಿಸುವ ಕಿಣ್ವಗಳೇ ಜಾಕ್. ಹಲವು ಸೈಟೊಕೈನ್‌ಗಳು ಇದೇ ದಾರಿಯಲ್ಲಿ ಹೋಗುವುದರಿಂದ ಒಂದು ಮಾತ್ರೆ ಹಲವನ್ನು ತಗ್ಗಿಸುತ್ತದೆ. ಟೊಫಾಸಿಟಿನಿಬ್ ಅಲ್ಸರೇಟಿವ್ ಕೊಲೈಟಿಸ್‌ಗೆ ಉಪಯೋಗವಾಯಿತು, ಕ್ರೋನ್ಸ್‌ ಪ್ರಯೋಗಗಳಲ್ಲಿ ಯಶಸ್ಸು ಕಾಣಲಿಲ್ಲ. ಉಪಡಾಸಿಟಿನಿಬ್ ಎರಡಕ್ಕೂ ಒದಗುತ್ತದೆ. ಸರ್ಪಸುತ್ತು ಮತ್ತಿತರ ಸೋಂಕುಗಳು, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು, ಇವುಗಳ ಮೇಲೆ ಕಣ್ಣಿಡಬೇಕು. ಮೇಲಿನ ಚರ್ಚೆಯನ್ನು ಓದಿದವರಿಗೆ ಇನ್ನೊಂದು ಅಂಶ ಹೊಳೆದಿರಬಹುದು: ಐಎಲ್-10ರ ಸಂಕೇತವೂ ಜಾಕ್1ರ ಮೂಲಕವೇ ಹೋಗುತ್ತದೆ, ಆದ್ದರಿಂದ ಈ ಮಾತ್ರೆ ಹೊತ್ತಿಸುವವರ ಜೊತೆಗೆ ಆರಿಸುವವರ ದಾರಿಯನ್ನೂ ಒಂದಿಷ್ಟು ಮುಚ್ಚುತ್ತದೆ. ಆದರೂ ಬಹಳ ಮಂದಿಗೆ ಗುಣ ಕಾಣುತ್ತದೆ.

ಇನ್ನು ಕ್ಯಾಲ್‌ಪ್ರೊಟೆಕ್ಟಿನ್. ಅದು ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳ ಪ್ರೋಟೀನು, ಸತು ಮತ್ತು ಮ್ಯಾಂಗನೀಸನ್ನು ಹಿಡಿದಿಟ್ಟು ಬ್ಯಾಕ್ಟೀರಿಯಗಳನ್ನು ಉಪವಾಸ ಕೆಡವುತ್ತದೆ. ಮಲದಲ್ಲಿ ಅದು ಹೆಚ್ಚಿದೆಯೆಂದರೆ ಆ ಕಣಗಳು ಕರುಳಿನೊಳಕ್ಕೆ ಇನ್ನೂ ಬರುತ್ತಿವೆ, ಸಂಕೇತ ಇನ್ನೂ ಆರಿಲ್ಲ ಎಂದರ್ಥ. ಹೊಟ್ಟೆನೋವು ಇಲ್ಲವೆಂಬುದು ಅದಕ್ಕೆ ಪ್ರತಿಸಾಕ್ಷ್ಯವಾಗುವುದಿಲ್ಲ. ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವುನಿವಾರಕಗಳನ್ನು ನುಂಗಿದ್ದರೂ, ಕರುಳಿಗೆ ಸಾಮಾನ್ಯ ಸೋಂಕು ತಗಲಿದ್ದರೂ ಆ ಸಂಖ್ಯೆ ಏರುತ್ತದೆ. ಕಳೆದ ಒಂದು ತಿಂಗಳಲ್ಲಿ ಅವನು ಅಂಥದ್ದೇನಾದರೂ ತೆಗೆದುಕೊಂಡಿದ್ದನೇ?

ತುಂಗಾತೀರ:

ಈಗಷ್ಟೇ ಕೇಳಿದೆ ಡಾಕ್ಟರೇ. ಬೆನ್ನುನೋವೆಂದು ಔಷಧಿ ಅಂಗಡಿಯಿಂದ ತಾನೇ ಡೈಕ್ಲೊಫೆನಾಕ್ ತಂದು 10 ದಿನ ನುಂಗಿದ್ದನಂತೆ; ನಮಗಾರಿಗೂ ಹೇಳಿರಲಿಲ್ಲ. ಸೋಮವಾರದ ಭೇಟಿಯಲ್ಲಿ ವೈದ್ಯರಿಗೆ ಇದನ್ನು ಮೊದಲು ತಿಳಿಸಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳುತ್ತೇನೆ.

ಧಾರವಾಡದ ವೈದ್ಯ:

ಹೇಳಲೇಬೇಕು. ಬೆನ್ನುನೋವಿನ ಬಗ್ಗೆಯೂ ಹೇಳಿರಿ. ಬೆಳಗ್ಗೆ ಎದ್ದಾಗ ಬಿಗಿತ ಹೆಚ್ಚಿದ್ದು ಓಡಾಡಿದಂತೆ ಸಡಿಲವಾಗುವ ಬಗೆಯದಾದರೆ, ಅದು ಇದೇ ಕಾಯಿಲೆ ಬೆನ್ನುಮೂಳೆಯ ಕೀಲುಗಳಿಗೆ ಚಾಚಿದ ಕೈ ಆಗಿರಬಹುದು, ಮತ್ತು ಔಷಧಿಯ ಆಯ್ಕೆಯಲ್ಲಿ ಅದಕ್ಕೂ ಲೆಕ್ಕವಿದೆ.